ಕೋಳಿಯ ತಲೆ ತಿರುಗಿದ ಕಡೆ

"ಏನ್ರೀ ಮಾಡ್ತಿದ್ದೀರಿ? ಆ ತಟ್ಟೆ ಮೊದ್ಲು ಕೆಳಗಿಡಿ!"

ವಾನ್‌ರು ಬಾಗಿಲಲ್ಲೇ ನಿಂತು ಕೂಗಿದಳು. ಕೂಗಿದ ರಭಸಕ್ಕೆ ಕೈಯಲ್ಲಿದ್ದ ಸ್ಟಾಪ್‌ವಾಚ್ ಜಾರಿ ನೆಲಕ್ಕೆ ಬಿತ್ತು.

ಒಳಗೆ ಕುರ್ಚಿಯಲ್ಲಿ ಕೂತಿದ್ದವನು ತಿರುಗಿ ನೋಡಿದ. ಕೆದರಿದ ತಲೆ, ಒಂದೇ ಕಡೆ ಮಡಿಸಿದ ಅಂಗಿಯ ತೋಳು, ಬಾಯಿ ತುಂಬ ಮೊಟ್ಟೆಯ ಸುರುಳಿರೊಟ್ಟಿ. ತಟ್ಟೆಯಲ್ಲಿ ಉಳಿದಿದ್ದು ಒಂದು ತುಂಡು. ಪಕ್ಕದಲ್ಲಿದ್ದ ಸೋಯಾ ಹಾಲಿನ ಲೋಟ ಖಾಲಿಯಾಗಿತ್ತು.

ಅವನು ಬಾಯಲ್ಲಿದ್ದುದನ್ನು ನುಂಗಿಕೊಂಡು, "ಯಾರದ್ದಾದ್ರೂ ತಿಂಡಿಯಾ ಇದು?" ಎಂದು ಕೇಳಿದ.

"ತಿಂಡಿ ಅಲ್ಲ ರೀ, ಸಂಶೋಧನೆ. ತೂಕ ಮಾಡಿ ಇಟ್ಟಿದ್ದು. ಇನ್ನೇನು ಒಂದು ಹುಡುಗಿ ಬಂದು ಇಲ್ಲಿ ಕೂತು ಇದನ್ನ ತಿನ್ಬೇಕಿತ್ತು. ಎಷ್ಟು ತಿಂತಾಳೆ, ಎಷ್ಟು ಬಿಡ್ತಾಳೆ ಅಂತ ನಾವು ನೋಡ್ಬೇಕಿತ್ತು."

ಅವನು ತಟ್ಟೆಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಹಾಗಾದ್ರೆ ನಾನು ಒಂದು ತುಂಡು ಬಿಟ್ಟಿದ್ದೀನಿ, ಬರ್ಕೊಳ್ಳಿ. ಉಪ್ಪು ಸ್ವಲ್ಪ ಕಮ್ಮಿ ಇತ್ತು, ಅದನ್ನೂ ಬರ್ಕೊಳ್ಳಿ."

ವಾನ್‌ರುವಿಗೆ ಮೈಯೆಲ್ಲ ಉರಿದುಹೋಯಿತು. ತೈಪೆಯಿಂದ ಬರಬೇಕಿದ್ದ ಹೊಸ ಡಾಕ್ಟರು ಇವನೇ ಎಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೂ ನಾಲ್ಕು ಮಾತು ಜಾಸ್ತಿಯೇ ಬೈಯುತ್ತಿದ್ದಳು ಬಿಡಿ.

ವಿಷಯ ಇಷ್ಟೇ. ತೈನಾನಿನ ಆ ಆಸ್ಪತ್ರೆಯ ಹದಿಹರೆಯದವರ ವಿಭಾಗಕ್ಕೆ ಎರಡು ಬಗೆಯ ಮಕ್ಕಳು ಬರುತ್ತಿದ್ದರು. ಊಟ ಬಿಟ್ಟು ಸೊರಗುವವರು, ಇಲ್ಲವೇ ಬಾಗಿಲು ಹಾಕಿಕೊಂಡು ಸಿಕ್ಕಿದ್ದೆಲ್ಲ ತಿಂದು ಆಮೇಲೆ ಅಳುವವರು ಒಂದು ಕಡೆ. ಪುಸ್ತಕ ತೆರೆದರೆ ಒಂದು ಸಾಲಿನ ಮೇಲೂ ಮನಸ್ಸು ನಿಲ್ಲದವರು ಇನ್ನೊಂದು ಕಡೆ. ಆದರೆ ಈ ಎರಡೂ ತೊಂದರೆ ಒಂದೇ ಮಗುವಿನಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ಏಕೆ ಎಂದು ಕಂಡುಹಿಡಿಯಲು ಪ್ರೊಫೆಸರ್ ಹುಂಗ್ ಒಂದು ಸಂಶೋಧನೆ ಶುರು ಮಾಡಿದ್ದರು. ಊಟದ ಕೋಣೆ ವಾನ್‌ರುವಿನದು. ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಆಟ ಆಡಿಸಿ ಮಕ್ಕಳ ಗಮನ ಅಳೆಯಲು ಒಬ್ಬ ತಜ್ಞ ಬೇಕಿತ್ತು. ಆ ತಜ್ಞ ಬಂದ, ಬಾಗಿಲ ಮೇಲಿನ ಬೋರ್ಡನ್ನೇ ಗಮನಿಸದೆ ಒಳನುಗ್ಗಿದ, ಸಂಶೋಧನೆಯನ್ನೇ ತಿಂದು ಹಾಕಿದ.

ಹೆಸರು ಕೇ ಮಿಂಗ್‌ಹಾನ್.

ದೂರು ಕೇಳಿ ಪ್ರೊಫೆಸರ್ ಹುಂಗ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅರವತ್ತು ದಾಟಿದ ದಪ್ಪ ಹೆಂಗಸು, ನಗಲು ಶುರು ಮಾಡಿದರೆ ಮೇಜೇ ಅಲುಗುತ್ತಿತ್ತು.

"ಅವನಿಗೂ ಆ ಗಮನ ನಿಲ್ಲದ ತೊಂದರೆನೇ ಕಣಮ್ಮ. ಚಿಕ್ಕ ಹುಡುಗ ಆಗಿದ್ದಾಗಲೇ ಪತ್ತೆ ಆಗಿತ್ತು. ಕ್ಲಾಸಲ್ಲಿ ಬೆಂಚಿನ ಮೇಲೆ ನಿಂತು ನಿಂತೇ ಡಾಕ್ಟ್ರಾದ. ಆ ಮಕ್ಕಳ ಕಷ್ಟ ಅವನಿಗೆ ಗೊತ್ತಿರೋಷ್ಟು ನಮಗೆಲ್ಲಿ ಗೊತ್ತು?"

"ಸರಿ ಮೇಡಂ. ಆದ್ರೆ ಊಟದ ಕೋಣೆಗೆ ಬೀಗ ಹಾಕ್ತೀನಿ."

"ಹಾಕು. ಕೀ ಮಾತ್ರ ಅವನ ಕೈಗೆ ಕೊಡ್ಬೇಡ, ಕಳೀತಾನೆ."

*

ನಮ್ಮ ತೈನಾನಿನಲ್ಲಿ ಎದುರಿಗೆ ಸಿಕ್ಕವರನ್ನು ಹೇಗಿದ್ದೀರಿ ಎಂದು ಯಾರೂ ಕೇಳುವುದಿಲ್ಲ. "ಊಟ ಆಯ್ತಾ?" ಎನ್ನುತ್ತಾರೆ. "ಆಯ್ತು" ಎನ್ನಬೇಕು. ನಿಜವಾಗಿ ಆಗಿದೆಯೋ ಇಲ್ಲವೋ ಯಾರಿಗೆ ಬೇಕು, ಅದು ಪ್ರೀತಿಯ ಮಾತು, ಅಷ್ಟೇ.

ಆದರೆ ಆ ಪ್ರೀತಿಯ ಮಾತೇ ವಾನ್‌ರುವಿಗೆ ಮುಳ್ಳಾಗಿತ್ತು. ಹದಿನಾರರ ವಯಸ್ಸಿನಲ್ಲಿ ಅವಳು ಊಟ ಬಿಟ್ಟಿದ್ದಳು. ಪಕ್ಕದ ಮನೆಯವರು ಕೇಳಿದರೆ ಆಯ್ತು. ಟೀಚರು ಕೇಳಿದರೆ ಆಯ್ತು. ಅಮ್ಮ ಬಟ್ಟಲು ಹಿಡಿದು ಬಾಗಿಲು ತಟ್ಟಿದರೂ ಆಯ್ತಮ್ಮ, ಆಯ್ತು. ಒಂದು ದಿನ ಶಾಲೆಯ ಮೆಟ್ಟಿಲಲ್ಲೇ ಕುಸಿದು ಬಿದ್ದವಳನ್ನು ಇದೇ ಆಸ್ಪತ್ರೆಗೆ ತಂದು ಹಾಕಿದರು. ಆಗ ತಲೆಗೂದಲು ಇನ್ನೂ ಕಪ್ಪಗಿದ್ದ ಡಾಕ್ಟರ್ ಹುಂಗ್ ಅವಳ ಕೈ ಹಿಡಿದು ಕೂತಿದ್ದರು.

ವಾನ್‌ರು ಗುಣವಾದಳು. ಓದಿದಳು. ಯಾವ ವಾರ್ಡಿನಲ್ಲಿ ಮಲಗಿದ್ದಳೋ ಅದೇ ವಾರ್ಡಿಗೆ ಮನಃಶಾಸ್ತ್ರಜ್ಞೆಯಾಗಿ ವಾಪಸು ಬಂದಳು.

ಒಂದು ಮಾತ್ರ ಉಳಿದುಬಿಟ್ಟಿತ್ತು. ನಾಲ್ಕು ಜನರ ಎದುರು ಅವಳಿಂದ ಉಣ್ಣಲಾಗುತ್ತಿರಲಿಲ್ಲ. ಮಧ್ಯಾಹ್ನ ಬಾಗಿಲಿಗೆ ಚಿಲಕ ಹಾಕಿಕೊಂಡು ಒಬ್ಬಳೇ ಊಟ ಮಾಡುತ್ತಿದ್ದಳು. ಮದುವೆ ಮನೆಯಲ್ಲಿ ಫೋನ್ ಬಂತು ಎಂದು ಎದ್ದು ಹೋಗುತ್ತಿದ್ದಳು. ಯಾರಾದರೂ ಊಟದ ಮಾತೆತ್ತಿದರೆ, ಅವರು ಕೇಳಿ ಮುಗಿಸುವ ಮೊದಲೇ "ಆಯ್ತು" ಎನ್ನುವುದು ನಾಲಿಗೆಯ ಮೇಲೆ ಬಂದಿರುತ್ತಿತ್ತು. ಇದು ಹುಂಗ್ ಒಬ್ಬರಿಗೆ ಬಿಟ್ಟರೆ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನೇ ಹೀಗಿದ್ದರೆ ಈ ಮಕ್ಕಳಿಗೆ ಏನು ಹೇಳಿಕೊಡಲಿ... ಎಷ್ಟೋ ಸಲ ಅವಳು ಹೀಗೆ ಯೋಚಿಸಿ ಯೋಚಿಸಿ ಕುಗ್ಗಿ ಹೋಗುತ್ತಿದ್ದಳು.

ಇನ್ನು ಮಿಂಗ್‌ಹಾನ್‌ನ ಕಥೆ ಕೇಳಿ. ಅವನು ಅಪ್ಪಟ ತೈನಾನಿನವನು, ತೈಪೆಗೆ ಹೋಗಿದ್ದು ಓದಲಿಕ್ಕೆ ಮಾತ್ರ. ಗೇಟಿನ ಕಾವಲುಗಾರನಿಗೆ ಊಟ ಆಯ್ತಾ, ನೆಲ ಒರೆಸುವ ಹೆಂಗಸಿಗೆ ಊಟ ಆಯ್ತಾ, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೆ ಊಟ ಆಯ್ತಾ. ಆಸ್ಪತ್ರೆಯ ಹಜಾರದಲ್ಲಿದ್ದ ಗಾಜಿನ ತೊಟ್ಟಿಯ ಮೀನುಗಳನ್ನೂ ಬಗ್ಗಿ ಕೇಳುತ್ತಿದ್ದ. ಚಿಕಿತ್ಸೆಗೆ ಬರುವ ಮಕ್ಕಳನ್ನು ಮಾತ್ರ ಹಾಗೆ ಕೇಳಬಾರದು ಎಂದು ವಾನ್‌ರು ನಿಯಮ ಮಾಡಿದ್ದಳು, ಅದೊಂದನ್ನು ಹೇಗೋ ನೆನಪಿಟ್ಟುಕೊಂಡಿದ್ದ.

ಮೊದಲ ದಿನ ಬಾಯಿ ಒರೆಸಿಕೊಳ್ಳುತ್ತ ವಾನ್‌ರುವನ್ನೂ ಕೇಳಿದ್ದ. "ಅದಿರಲಿ, ನಿಮ್ಮ ಊಟ..."

"ಆಯ್ತು."

ಅವನು ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಆಮೇಲೆ ಯಾವತ್ತೂ ಕೇಳಲಿಲ್ಲ.

ಮೊದಮೊದಲು ಅವಳಿಗೆ ಸಮಾಧಾನವೇ ಆಯಿತು. ಮಾವಿನಹಣ್ಣಿನ ಕಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಅದೇ ಚುಚ್ಚತೊಡಗಿತು. ಎಲ್ಲರನ್ನೂ ಕೇಳುತ್ತಾನೆ. ನನ್ನನ್ನು ಬಿಟ್ಟು. ತೊಟ್ಟಿಯ ಮೀನಿಗಿರುವ ಬೆಲೆಯೂ ನನಗಿಲ್ಲವೇ?

ಕೇಳಿದರೆ ಮುಳ್ಳು, ಕೇಳದಿದ್ದರೆ ಸಂಕಟ. ಪ್ರೀತಿ ಹುಟ್ಟುವುದು ಇಂಥ ತಲೆಬುಡವಿಲ್ಲದ ಜಾಗದಲ್ಲೇ ತಾನೆ.

*

ಅಂದು ಅವನು ತಿಂದು ಹಾಕಿದ ತಿಂಡಿ ಯುಚಿಂಗ್ ಎಂಬ ಹುಡುಗಿಯದು. ಹೈಸ್ಕೂಲಿನ ಹುಡುಗಿ, ಬಾಯಿ ಬಲು ಜೋರು. ಬೆಳಗಿನಿಂದ ಚಿತ್ರ ಬಿಡಿಸುತ್ತ ಕೂತರೆ ಊಟದ ನೆನಪೇ ಇರುವುದಿಲ್ಲ. ಸಂಜೆ ಮನೆಗೆ ಬಂದು ಫ್ರಿಜ್ ಬಾಗಿಲು ತೆಗೆದು ಅಲ್ಲೇ ನಿಂತು ಕಂಡದ್ದೆಲ್ಲ ತಿನ್ನುತ್ತಾಳೆ. ಆಮೇಲೆ ಬಚ್ಚಲಲ್ಲಿ ಕೂತು ಅಳುತ್ತಾಳೆ. ಮರುದಿನ ಪ್ರಾಯಶ್ಚಿತ್ತ ಎಂದು ಮತ್ತೆ ಉಪವಾಸ.

ಅವಳ ಬಗ್ಗೆ ವಾನ್‌ರುವಿಗೂ ಮಿಂಗ್‌ಹಾನ್‌ಗೂ ದಿನವೂ ಜಗಳ.

"ಹೊಟ್ಟೆಗೆ ಇಲ್ದಿದ್ರೆ ಮನಸ್ಸು ಎಲ್ಲಿ ನಿಲ್ಲತ್ತೆ ಡಾಕ್ಟ್ರೇ? ಮೊದ್ಲು ಊಟ ಸರಿ ಮಾಡಿ, ಗಮನ ತಾನಾಗೇ ಬರತ್ತೆ," ಎಂದಳು ವಾನ್‌ರು.

"ತಿರುಗಿಸಿ ನೋಡಿ. ಹಸಿವಾಗಿದೆ ಅಂತ ಗೊತ್ತಾಗೋಕ್ಕೂ ಗಮನ ಬೇಕಲ್ವಾ? ಹೊಟ್ಟೆ ಮೊದ್ಲು ಮೆಲ್ಲಗೆ ಕರಿಯತ್ತೆ. ಇವಳಿಗೆ ಅದು ಕೇಳ್ಸೋದೇ ಇಲ್ಲ. ಕೇಳ್ಸೋ ಹೊತ್ತಿಗೆ ಅದು ಕಿರುಚ್ತಾ ಇರತ್ತೆ. ಕಿರುಚೋ ಹೊಟ್ಟೆ ಇಟ್ಕೊಂಡು ಯಾರು ತಾನೆ ನಿಧಾನವಾಗಿ ಉಣ್ತಾರೆ?"

ವಾನ್‌ರುವಿನ ಕೈ ಅವಳಿಗೇ ಗೊತ್ತಿಲ್ಲದೆ ಹೊಟ್ಟೆಯ ಮೇಲೆ ಹೋಗಿತ್ತು. ಗಡಿಯಾರ ನೋಡಿ ಉಣ್ಣುವುದು ಅವಳಿಗೆ ಗೊತ್ತು. ಅಳತೆ ನೋಡಿ ಉಣ್ಣುವುದು ಗೊತ್ತು. ಹೊಟ್ಟೆ ಕರೆದದ್ದು ಯಾವಾಗ? ಅವಳಿಗೆ ನೆನಪಾಗಲಿಲ್ಲ.

ಜಗಳವಾಡುತ್ತಲೇ ಇಬ್ಬರೂ ಮಕ್ಕಳಿಗೆ ಹೊಸ ಅಭ್ಯಾಸ ಕಲಿಸತೊಡಗಿದರು. ಆಟದ ಮಧ್ಯೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, "ಈಗ ಹೊಟ್ಟೆ ಏನಾದ್ರೂ ಹೇಳ್ತಿದ್ಯಾ?" ಎಂದು ಕೇಳುವುದು. ಯುಚಿಂಗ್ ಮೊದಲು ಕಿಸಕ್ಕನೆ ನಕ್ಕಳು. ಆಮೇಲೆ ಕಣ್ಣು ಮುಚ್ಚಿದಳು.

ಈ ನಡುವೆ ಮಿಂಗ್‌ಹಾನ್ ಹೆಲ್ಮೆಟ್ ಮರೆತ, ಕೊಡೆ ಮರೆತ, ಮಕ್ಕಳ ಆಟದ ಕೋಣೆಯಲ್ಲಿ ಬೂಟನ್ನೇ ಬಿಟ್ಟು ಆಸ್ಪತ್ರೆಯ ಚಪ್ಪಲಿಯಲ್ಲಿ ಮನೆಗೆ ಹೋದ. ಎಲ್ಲವನ್ನೂ ಎತ್ತಿಟ್ಟು, ಮರುದಿನ ಬೈದು ಕೊಡುವುದು ವಾನ್‌ರುವಿನ ಕೆಲಸವಾಯಿತು.

"ಅಕ್ಕಾ, ನೀವು ಆ ಅಣ್ಣನಿಗೆ ಬೈಯೋವಾಗ ಕಿವಿ ಕೆಂಪಗಾಗತ್ತೆ," ಎಂದಳು ಯುಚಿಂಗ್ ಒಂದು ದಿನ.

"ಸುಮ್ನಿರೇ. ಕೋಪಕ್ಕೆ ಕೆಂಪಗಾಗೋದು."

"ಹೂಂ, ಕೋಪಕ್ಕೆ," ಎಂದು ಆ ಹುಡುಗಿ ರಾಗ ಎಳೆದಳು.

*

ಹಳೆಯ ಪಂಚಾಂಗದ ವರ್ಷ ಮುಗಿಯುವ ಮುನ್ನ ಇಲ್ಲಿ ಪ್ರತಿಯೊಂದು ಕಚೇರಿಯೂ ತನ್ನ ಜನಕ್ಕೆ ಒಂದು ಔತಣ ಕೊಡುತ್ತದೆ. ಆ ಔತಣದ ಕೋಳಿಗೆ ಎಲ್ಲರೂ ಹೆದರುತ್ತಾರೆ. ಹಿಂದಿನ ಕಾಲದಲ್ಲಿ ಯಜಮಾನ ಯಾರನ್ನು ಕೆಲಸದಿಂದ ತೆಗೆಯಬೇಕೆಂದಿದ್ದಾನೋ ಅವನ ಕಡೆಗೆ ಇಡಿಯಾಗಿ ಬೇಯಿಸಿದ ಕೋಳಿಯ ತಲೆಯನ್ನು ತಿರುಗಿಸಿ ಇಡುತ್ತಿದ್ದನಂತೆ. ಬಾಯಿ ಬಿಟ್ಟು ಹೇಳಬೇಕಾದ್ದಿಲ್ಲ, ಉಂಡು ಎದ್ದು ಹೋಗಬೇಕು. ಈಗ ಅದೆಲ್ಲ ತಮಾಷೆಯಾಗಿದೆ. ಪ್ರೊಫೆಸರ್ ಹುಂಗ್ ಪ್ರತಿ ವರ್ಷ ಕೋಳಿಯ ತಲೆಯನ್ನು ತಮ್ಮ ಕಡೆಗೇ ತಿರುಗಿಸಿಕೊಂಡು, "ಈ ವರ್ಷವಾದ್ರೂ ನನ್ನ ಓಡಿಸ್ರೋ" ಎಂದು ನಗಿಸುತ್ತಿದ್ದರು.

ಈ ವರ್ಷ ಅದು ಪೂರ್ತಿ ತಮಾಷೆಯಾಗಿರಲಿಲ್ಲ. ಅವರು ನಿವೃತ್ತರಾಗುವವರಿದ್ದರು. ಮುಂದೆ ಸಂಶೋಧನೆಗೆ ಯಾರು ಮುಖ್ಯಸ್ಥರೆಂದು ಔತಣದ ಕೊನೆಯಲ್ಲಿ ಹೇಳುತ್ತೇನೆಂದಿದ್ದರು. ಊಟದ ಕೋಣೆ ಮುಚ್ಚಿ ಹೋಗುತ್ತದೆ, ಎಲ್ಲವೂ ತೈಪೆಯ ಡಾಕ್ಟರ ಪಾಲಾಗುತ್ತದೆ ಎಂದು ಕಾರಿಡಾರಿನಲ್ಲಿ ಗುಸುಗುಸು ಇತ್ತು.

ವಾನ್‌ರು ಅದನ್ನು ಕೇಳಿಸಿಕೊಂಡಳು. ಆ ಕೋಣೆ ಹೋದರೆ ಆ ಮಕ್ಕಳು ಎಲ್ಲಿಗೆ ಹೋಗಬೇಕು? ನಾನು ಎಲ್ಲಿಗೆ ಹೋಗಬೇಕು?

ದೊಡ್ಡ ದುಂಡು ಮೇಜು. ನಡುವೆ ತಿರುಗುವ ಗಾಜು, ಗಾಜಿನ ಮೇಲೆ ಒಂದರ ಹಿಂದೆ ಒಂದು ತಟ್ಟೆ. ಕರಿದ ಸಿಗಡಿ ಸುರುಳಿ, ಎಣ್ಣೆಯಲ್ಲಿ ಮಿರಿಮಿರಿ ಮಿಂಚುವ ಹಂದಿಯ ತೊಡೆ, ಏಡಿ ಹಾಕಿ ಬೇಯಿಸಿದ ಅಂಟು ಅನ್ನ. ಆ ಹಂದಿಯ ತಟ್ಟೆ ಸರಿಯಾಗಿ ವಾನ್‌ರುವಿನ ಮುಂದೆ ಬಂದು ನಿಂತಿತ್ತು. ಅಕ್ಕಪಕ್ಕದವರು, "ತಗೊಳ್ಳಿ ತಗೊಳ್ಳಿ, ಏನೂ ಮುಟ್ಟೇ ಇಲ್ವಲ್ಲ" ಎಂದು ಶುರು ಮಾಡಿದ್ದರು. ಅವಳ ಕೈ ಚೀಲದಲ್ಲಿದ್ದ ಫೋನಿನ ಕಡೆ ಹೋಯಿತು. ಫೋನ್ ಬಂತು ಎಂದು ಏಳಲೇ...

ಎದುರಿಗೆ ಕೂತಿದ್ದ ಮಿಂಗ್‌ಹಾನ್ ಯಾರೊಂದಿಗೋ ಹರಟುತ್ತಿದ್ದ. ಮಾತಿನ ನಡುವೆಯೇ ಅವನ ಕೈ ಗಾಜಿನ ಮೇಲೆ ಬಂತು. ಒಮ್ಮೆ ಜೋರಾಗಿ ತಿರುಗಿಸಿದ. ಹಂದಿಯ ತಟ್ಟೆ ಸರಿದು ಹೋಯಿತು, ಸಿಗಡಿ ಹೋಯಿತು, ಗಾಜು ಮೆಲ್ಲಗೆ ನಿಂತಿತು.

ಕೋಳಿ ವಾನ್‌ರುವಿನ ಮುಂದಿತ್ತು. ಅದರ ತಲೆ ನೇರವಾಗಿ ಅವಳ ಎದೆಗೆ ಗುರಿಯಿಟ್ಟಂತೆ ನಿಂತಿತ್ತು.

ಲೆಕ್ಕಪತ್ರದವನೊಬ್ಬ, "ಓಹೋ, ಈ ವರ್ಷ ಇವರ ಸರದಿನಾ?" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು.

ವಾನ್‌ರು ಮಿಂಗ್‌ಹಾನ್‌ನನ್ನು ನೋಡಿದಳು. ಅವನು ನಗುತ್ತಿದ್ದ. ನಗುತ್ತ ಗದ್ದದಿಂದ ತಟ್ಟೆಯ ಕಡೆ ತೋರಿಸಿದ, ತಗೊಳ್ಳಿ ಎನ್ನುವ ಹಾಗೆ.

ಆ ನಗು ಅವಳ ಜೀವ ಹಿಂಡಿತು. ಇಷ್ಟು ದಿನ ಇವನ ಬೂಟು ಎತ್ತಿಟ್ಟೆನಲ್ಲ. ಇವನಿಗಾಗಿ ಕಿವಿ ಕೆಂಪಗೆ ಮಾಡಿಕೊಂಡೆನಲ್ಲ. ಅವಳು ಚೀಲ ಎತ್ತಿಕೊಂಡು ಎದ್ದು ನಿಂತಳು.

"ಅಭಿನಂದನೆ ಡಾಕ್ಟ್ರೇ. ಇಷ್ಟು ಜನರ ಮುಂದೆ ಹೇಳೋ ಅಗತ್ಯ ಇರ್ಲಿಲ್ಲ. ಕೋಣೆಗೆ ಬಂದು ಒಂದು ಮಾತು ಹೇಳಿದ್ರೂ ನಾನು ಹೋಗ್ತಿದ್ದೆ."

"ಏನು? ಎಲ್ಲಿಗೆ ಹೋಗ್ತಿದ್ರಿ?" ಎಂದ ಅವನು, ಕಕ್ಕಾಬಿಕ್ಕಿಯಾಗಿ.

ಪಕ್ಕದವರು ಕೋಳಿಯನ್ನು ತೋರಿಸಿದರು. ಮಿಂಗ್‌ಹಾನ್‌ನ ಮುಖದಲ್ಲಿ ರಕ್ತವೇ ಇಳಿದುಹೋಯಿತು. ಅವನು ಕುರ್ಚಿ ಉರುಳಿಸಿಕೊಂಡು ಎದ್ದು ಅವಳ ಹಿಂದೆ ಓಡಿದ. ಓಡಿದ್ದು ಅಡುಗೆಮನೆಯ ಬಾಗಿಲಿನ ಕಡೆಗೆ. ತಿರುಗಿ ಸರಿಯಾದ ಬಾಗಿಲು ಹುಡುಕುವ ಹೊತ್ತಿಗೆ ಅವಳ ಸ್ಕೂಟರ್ ರಸ್ತೆಯ ತಿರುವು ದಾಟಿತ್ತು.

*

ಸೋಮವಾರ ಹುಂಗ್ ಸ್ವತಃ ಅವಳ ಕೋಣೆಗೆ ಬಂದರು.

"ಫೋನ್ ಯಾಕೆ ಆಫ್ ಮಾಡ್ಕೊಂಡಿದ್ದೆ? ನೀವಿಬ್ರೂ ಸೇರಿ ನಡೆಸಿ ಅಂತ ನಾನು ಹೇಳೋಷ್ಟರಲ್ಲಿ ನೀನೇ ಇರ್ಲಿಲ್ಲ. ನಿನ್ನ ಕೋಣೆ ಎಲ್ಲೂ ಹೋಗಲ್ಲ. ಎರಡು ಕೋಣೆ ಮಧ್ಯದ ಗೋಡೆ ಒಡೆಸೋಣ ಅಂತಿದ್ದೀನಿ."

ಕೆಲಸ ಉಳಿಯಿತು. ಮಕ್ಕಳು ಉಳಿದರು. ಆದರೂ ವಾನ್‌ರುವಿನ ಎದೆಯ ನೋವು ಹೋಗಲಿಲ್ಲ.

"ಮತ್ತೆ ಆ ಕೋಳಿ?"

"ಅದನ್ನ ಅವನನ್ನೇ ಕೇಳು."

"ಕೇಳಲ್ಲ."

"ಹದಿನಾರರಲ್ಲೂ ಹೀಗೇ ಹಟ ಮಾಡ್ತಿದ್ದೆ," ಎಂದು ಹುಂಗ್ ಎದ್ದು ಹೋದರು.

ಮಧ್ಯಾಹ್ನ ಮಿಂಗ್‌ಹಾನ್ ಬಾಗಿಲಿಗೆ ಬಂದ. ಕಣ್ಣಿನ ಕೆಳಗೆ ಕಪ್ಪು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು.

"ವಾನ್‌ರು, ಆವತ್ತು... ಅದು ಸೊಪ್ಪು..."

"ಏನು ಸೊಪ್ಪು?"

ಅವನು ಹಿಂದಿರುಗಿ ನೋಡಿದ. ಕಾರಿಡಾರಿನಲ್ಲಿ ನರ್ಸುಗಳು ಕಿವಿ ನಿಮಿರಿಸಿಕೊಂಡು ನಿಂತಿದ್ದರು.

"ಏನಿಲ್ಲ. ತಪ್ಪು ನಂದೇ. ಕ್ಷಮಿಸಿ."

"ಕೆಲಸದ ವಿಷಯ ಇದ್ರೆ ಮೇಲ್ ಹಾಕಿ," ಎಂದು ಅವಳು ಬಾಗಿಲು ಹಾಕಿಕೊಂಡಳು.

ಹೇಳಲು ಒಂದು ನೆಪವೂ ಇಲ್ಲ ಇವನಿಗೆ. ಬೇಕೆಂದೇ ಮಾಡಿದ್ದಾನೆ... ಬಾಗಿಲಿಗೆ ಒರಗಿ ನಿಂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆ ದಿನ ಊಟದ ಡಬ್ಬಿ ತೆರೆಯಲೇ ಇಲ್ಲ.

*

ಮರುದಿನ ಯುಚಿಂಗ್ ಬಾಗಿಲು ತಳ್ಳಿಕೊಂಡೇ ಒಳಗೆ ಬಂದಳು.

"ಅಕ್ಕಾ, ನಿನ್ನೆ ಚಿತ್ರ ಬಿಡಿಸ್ತಿದ್ದೆನಾ, ಹೊಟ್ಟೆ ಗುರ್ ಅಂತು. ಮೆಲ್ಲಗೆ. ನಂಗೆ ಕೇಳಿಸ್ತು! ಪೆನ್ಸಿಲ್ ಇಟ್ಟು ಹೋಗಿ ಊಟ ಮಾಡಿ ಬಂದೆ. ಸಂಜೆ ಫ್ರಿಜ್ ಹತ್ರ ಹೋಗ್ಬೇಕು ಅಂತ್ಲೇ ಅನ್ನಿಸ್ಲಿಲ್ಲ."

ವಾನ್‌ರು ಅವಳನ್ನು ಬಾಚಿ ತಬ್ಬಿಕೊಂಡಳು. ಕೆಲವು ದಿನಗಳ ನಂತರ ವಾನ್‌ರುವಿನ ಮುಖದಲ್ಲಿ ನಗು ಬಂದಿತ್ತು.

"ಆ ಅಣ್ಣನಿಗೆ ಹೇಳ್ಬೇಕು. ಎಲ್ಲಿ ಅವ್ರು? ನಾನು ಹೇಳ್ಕೊಟ್ಟ ಉಪಾಯ ಕೆಲಸ ಮಾಡ್ತಾ ಅಂತ ಕೇಳ್ಬೇಕಿತ್ತು."

"ಯಾವ ಉಪಾಯ?"

"ಅದೇ, ಔತಣದ್ದು. ಅಣ್ಣ ಬಂದು ಕೇಳಿದ್ರು. ಒಬ್ರು ಇದ್ದಾರಂತೆ, ಎಲ್ಲರ ಮುಂದೆ ಊಟ ಮಾಡೋಕೆ ತುಂಬ ಕಷ್ಟ ಅಂತೆ. ಯಾರಿಗೂ ಗೊತ್ತಾಗ್ಬಾರ್ದು, ಅವರನ್ನ ಏನೂ ಕೇಳ್ಬಾರ್ದು, ಆದ್ರೂ ಅವರಿಗೆ ಸುಲಭ ಆಗ್ಬೇಕು, ಹೇಗೆ ಅಂದ್ರು. ನಾನಂದೆ, ಗಾಜು ತಿರುಗಿಸಿಬಿಡಿ. ಎಣ್ಣೆದೆಲ್ಲ ದೂರ ಹೋಗ್ಲಿ, ಸೊಪ್ಪು ಅವರ ಮುಂದೆ ಬಂದು ನಿಲ್ಲಲಿ. ಹಬ್ಬದಲ್ಲಿ ನನ್ನಜ್ಜಿ ನಂಗೆ ಹಾಗೇ ಮಾಡ್ತಾಳೆ."

ವಾನ್‌ರುವಿಗೆ ಔತಣದ ಮೇಜು ಕಣ್ಮುಂದೆ ಬಂತು.

ಸೊಪ್ಪು. ಅಂದು ಕೋಳಿಯ ಪಕ್ಕಕ್ಕೇ ಅಂಟಿಕೊಂಡಂತೆ ಒಂದು ತಟ್ಟೆ ಇತ್ತು. ಬೆಳ್ಳುಳ್ಳಿ ಹಾಕಿ ಹುರಿದ ಗೆಣಸಿನ ಸೊಪ್ಪು. ಅವಳು ನೆಮ್ಮದಿಯಿಂದ ಮುಟ್ಟಬಲ್ಲ ಒಂದೇ ಒಂದು ತಟ್ಟೆ. ಕೋಳಿಯ ತಲೆ ಕಂಡ ಮೇಲೆ ಅದರ ಕಡೆ ಅವಳ ಕಣ್ಣೇ ಹೋಗಿರಲಿಲ್ಲ.

ಗೊತ್ತು ಅವನಿಗೆ. ಯಾವಾಗಿನಿಂದಲೋ ಗೊತ್ತು. ಮೊದಲು ಅವಳಿಗೆ ಭಯವಾಯಿತು, ಬಚ್ಚಿಟ್ಟಿದ್ದೆಲ್ಲ ಬಯಲಾಯಿತಲ್ಲ ಎಂದು. ಆಮೇಲೆ, ಗೊತ್ತಿದ್ದೂ ಅವನು ಯಾರ ಮುಂದೆಯೂ ಬಾಯಿಬಿಡಲಿಲ್ಲವಲ್ಲ ಎಂದು ಅನ್ನಿಸಿತು. ನಿನ್ನೆ ಬಾಗಿಲಲ್ಲಿ ನಿಂತು ಸೊಪ್ಪು ಎಂದು ತೊದಲಿ ಸುಮ್ಮನಾಗಿದ್ದು ನೆನಪಾಯಿತು. ಆ ನರ್ಸುಗಳ ಎದುರು ಅವನು ತನ್ನ ಮಾನ ಕಳೆದುಕೊಂಡು ಅವಳ ಗುಟ್ಟು ಉಳಿಸಿದ್ದ.

"ಯಾರಕ್ಕಾ ಆ ಒಬ್ರು?"

"ನಂಗೇನೇ ಗೊತ್ತು?"

"ಕಿವಿ ಕೆಂಪಗಾಯ್ತು," ಎಂದಳು ಯುಚಿಂಗ್.

*

ಮಿಂಗ್‌ಹಾನ್ ದಿನಾ ಬೆಳಿಗ್ಗೆ ಮಾರ್ಕೆಟ್ಟಿನ ಮೂಲೆಯ ಮೀನಿನ ಗಂಜಿ ಅಂಗಡಿಯಲ್ಲಿ ತಿಂಡಿ ತಿನ್ನುತ್ತಾನೆಂದು ಆಸ್ಪತ್ರೆಗೆಲ್ಲ ಗೊತ್ತು. ಅವನು ಅಲ್ಲಿ ಮರೆತು ಹೋದ ಸಾಮಾನು ಇಡಲೆಂದೇ ಎಲ್ಲರೂ ಅತ್ತೆ ಎಂದು ಕರೆಯುವ ಅಂಗಡಿಯಾಕೆ ಒಂದು ಬುಟ್ಟಿ ಇಟ್ಟಿದ್ದಳು. ವಾನ್‌ರು ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ, ಅವನು ಆಫೀಸಿನಲ್ಲಿ ಬಿಟ್ಟುಹೋಗಿದ್ದ ಹೆಲ್ಮೆಟ್ಟನ್ನು ಎದೆಗವಚಿಕೊಂಡು ಒಳಗೆ ಬಂದಳು.

"ಬಾ ಮಗಳೇ, ಊಟ ಆಯ್ತಾ?" ಎಂದಳು ಅತ್ತೆ, ಪಾತ್ರೆಯ ಹಬೆಯ ಹಿಂದಿನಿಂದ.

"ಆಯ್ತು," ಎಂದಳು ವಾನ್‌ರು, ಎಂದಿನಂತೆ.

ಮೂಲೆಯ ಮೇಜಿನಲ್ಲಿದ್ದ ಮಿಂಗ್‌ಹಾನ್ ತಲೆ ಎತ್ತಿದ. ಚಮಚ ಕೈಯಲ್ಲೇ ನಿಂತಿತು. ಅವಳು ಎದುರಿಗೆ ಕೂತು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟಳು.

"ನಿಮಗೆ ಯಾರು ಹೇಳಿದ್ದು? ಹುಂಗ್ ಮೇಡಂ ಹೇಳಿದ್ರಾ?"

ಏನು ಕೇಳುತ್ತಿದ್ದಾಳೆಂದು ಅವನಿಗೆ ತಕ್ಷಣ ಅರ್ಥವಾಯಿತು.

"ಯಾರೂ ಹೇಳ್ಲಿಲ್ಲ. ನೋಡಿದೆ."

"ನಿಮಗೆ ಬಾಗಿಲ ಮೇಲಿನ ಬೋರ್ಡ್ ಕಾಣಲ್ಲ."

"ಹೌದು, ಬೋರ್ಡ್ ಕಾಣಲ್ಲ. ಕೀ ಎಲ್ಲಿಟ್ಟೆ ಗೊತ್ತಾಗಲ್ಲ. ಇವತ್ತು ಯಾವ ವಾರ ಅಂತ ಅತ್ತೆನ ಕೇಳ್ಬೇಕು." ಅವನು ಚಮಚ ಕೆಳಗಿಟ್ಟ. "ಆದ್ರೆ ನೀವು ಕೋಣೆಗೆ ಬಂದ್ರೆ ನಂಗೆ ಬೇರೆ ಏನೂ ಕಾಣಲ್ಲ ವಾನ್‌ರು. ನೀವು ಊಟಕ್ಕೆ ಚಿಲಕ ಹಾಕ್ಕೊಳ್ಳೋದು, ಯಾರಾದ್ರೂ ತಿಂಡಿ ಹಂಚಿದ್ರೆ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕ್ಕೊಳ್ಳೋದು, ಎಲ್ಲ ನೋಡಿದ್ದೀನಿ. ನನ್ನ ಗಮನ ಈ ಜನ್ಮದಲ್ಲಿ ಒಂದು ಕಡೆ ನಿಂತಿದ್ದು ಅಂದ್ರೆ ನಿಮ್ಮ ಹತ್ರ. ಆವತ್ತೂ ನಿಮ್ಮನ್ನೇ ನೋಡ್ತಿದ್ದೆ, ಸೊಪ್ಪನ್ನ ನೋಡ್ತಿದ್ದೆ. ಆ ಹಾಳು ಕೋಳಿನ ಮಾತ್ರ ನೋಡ್ಲಿಲ್ಲ."

ವಾನ್‌ರುವಿಗೆ ಅಳು ಬಂತು, ನಗುವೂ ಬಂತು. ಯಾವುದನ್ನು ತಡೆಯಬೇಕೆಂದು ಗೊತ್ತಾಗದೆ ಎರಡನ್ನೂ ಬಿಟ್ಟುಬಿಟ್ಟಳು. ಗಂಜಿ ಕುದಿಯುವ ಸದ್ದಿನ ನಡುವೆ ಹದಿನಾರರ ಹುಡುಗಿಯ ಕಥೆ ಹೇಳಿದಳು. ಮೆಟ್ಟಿಲು, ಆಸ್ಪತ್ರೆ, ಬಟ್ಟಲು ಹಿಡಿದು ನಿಂತಿದ್ದ ಅಮ್ಮ, ಎಲ್ಲ. ಹುಂಗ್ ಬಿಟ್ಟರೆ ಅವಳು ಇದನ್ನು ಬಾಯಿಬಿಟ್ಟು ಹೇಳಿದ್ದು ಅವನಿಗೇ ಮೊದಲು. ಅವನು ಕಾಲು ಅಲುಗಿಸಲಿಲ್ಲ, ಫೋನ್ ನೋಡಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಅವನ ಗಂಜಿ ತಣ್ಣಗಾಯಿತು.

"ಒಂದ್ ಮಾತು ಹೇಳ್ಬೇಕಿತ್ತು," ಎಂದ ಅವನು ಕೊನೆಗೆ. "ಮರೀಬಾರ್ದು ಅಂತ ಕೈ ಮೇಲೆ ಬರ್ಕೊಂಡಿದ್ದೆ. ಈಗ ತಾನೆ ಕೈ ತೊಳ್ಕೊಂಡ್ಬಿಟ್ಟೆ."

ಅಂಗೈ ಚಾಚಿದ. ನೀಲಿ ಶಾಯಿ ಕಲೆಸಿ ಹೋಗಿತ್ತು.

"ಏನಂತ ಬರ್ದಿದ್ರಿ?"

"ನಿಮ್ಮನ್ನ ಪ್ರೀತಿಸ್ತೀನಿ ಅಂತ."

"ಇದನ್ನೂ ಮರೀತೀರಾ ನೀವು?"

"ಪ್ರೀತಿ ಮರೆತಿಲ್ಲ. ಹೇಳೋದನ್ನ ಮರೀತೀನೇನೋ ಅಂತ ಹೆದರಿಕೆ."

ವಾನ್‌ರು ಆ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವಳ ಬೆರಳಿಗೂ ಶಾಯಿ ಹತ್ತಿತು.

"ಒಂದು ಕೇಳ್ಲಾ? ಎಲ್ಲರನ್ನೂ ಊಟ ಆಯ್ತಾ ಅಂತೀರಿ. ಮೀನನ್ನೂ ಬಿಡಲ್ಲ. ನನ್ನನ್ನ ಮಾತ್ರ ಯಾಕೆ ಕೇಳಲ್ಲ?"

"ಮೊದಲ ದಿನ ಕೇಳ್ದಾಗ ನಿಮ್ಮ ಮುಖ ಬಿಳಿಚಿಕೊಳ್ತು. ಅಷ್ಟು ಬೈದಿರಿ, ಆಗ್ಲೂ ಹಾಗಾಗಿರ್ಲಿಲ್ಲ. ಇನ್ಮೇಲೆ ಇವರನ್ನ ಕೇಳ್ಬಾರ್ದು ಅಂತ ಅವತ್ತೇ ಅಂದ್ಕೊಂಡೆ. ಅದೊಂದನ್ನ ಮರೀಲಿಲ್ಲ."

ತೊಟ್ಟಿಯ ಮೀನಿಗೂ ಇಲ್ಲದ ಬೆಲೆ ಅವಳಿಗಿತ್ತು. ಇದು ತಿಳಿಯದೆ ಎಷ್ಟು ದಿನ ಸಂಕಟ ಪಟ್ಟೆನಲ್ಲ ಎಂದುಕೊಂಡಳು.

"ಈಗ ಕೇಳಿ," ಎಂದಳು.

ಅವನು ಹಿಂಜರಿದ. ಆಮೇಲೆ ತುಂಬ ಮೆಲ್ಲಗೆ ಕೇಳಿದ. "ಊಟ ಆಯ್ತಾ?"

ಆಯ್ತು ಎನ್ನುವುದು ನಾಲಿಗೆಯ ಮೇಲೆ ಬಂದೇಬಿಟ್ಟಿತ್ತು. ವಾನ್‌ರು ಬಾಯಿ ಮುಚ್ಚಿಕೊಂಡಳು. ಮಕ್ಕಳಿಗೆ ಹೇಳಿಕೊಡುವ ಹಾಗೆ ಕಣ್ಣೂ ಮುಚ್ಚಿದಳು. ಶುಂಠಿಯ ವಾಸನೆ, ಮೀನಿನ ಸಾರಿನ ವಾಸನೆ. ಅದರೊಳಗಿನಿಂದ, ಎಲ್ಲೋ ದೂರದಿಂದ ಬಂದ ಹಾಗೆ, ಹೊಟ್ಟೆ ಮೆಲ್ಲಗೆ ಕರೆಯಿತು. ಅವಳಿಗೆ ಕೇಳಿಸಿತು.

"ಇಲ್ಲ," ಎಂದಳು. ಕಣ್ಣು ತೆರೆದಾಗ ಅವು ತುಂಬಿಬಂದಿದ್ದವು. "ಇಲ್ಲ, ಮಿಂಗ್‌ಹಾನ್. ನಂಗೆ ಹಸಿವಾಗಿದೆ."

ಅವನು ಎದ್ದು ನಿಂತೇಬಿಟ್ಟ. "ಅತ್ತೇ, ಇನ್ನೊಂದು ಗಂಜಿ!"

"ಈಗ ತಾನೆ ಆಯ್ತು ಅಂದ್ಲಲ್ಲೋ?"

"ಸುಳ್ಳು ಹೇಳಿದೆ ಅತ್ತೆ," ಎಂದಳು ವಾನ್‌ರು.

ಬಟ್ಟಲು ಬಂತು. ಬೆಳ್ಳಗಿನ ಮೀನು, ಮೇಲೆ ಹಸಿರು ಸೊಪ್ಪು, ಹಬೆ. ಸುತ್ತ ಮಾರ್ಕೆಟ್ಟಿನ ಜನವೆಲ್ಲ ಸೊರಸೊರ ಉಣ್ಣುತ್ತಿದ್ದರು. ಒಂದು ಚಮಚ ಬಾಯಿಗಿಟ್ಟಳು. ಬಿಸಿ ಗಂಟಲಲ್ಲಿ ಇಳಿಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಇನ್ನೊಂದು ಚಮಚ ತೆಗೆದುಕೊಂಡಳು.

ನೋಡಿದರೆ, ಮಿಂಗ್‌ಹಾನ್ ಕತ್ತು ಪೂರ್ತಿ ಹೊರಳಿಸಿ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದ.

"ಅಲ್ಲೇನಿದೆ?"

"ಏನಿಲ್ಲ. ನೀವು ಆರಾಮಾಗಿ ಉಣ್ಲಿ ಅಂತ."

"ಈ ಕಡೆ ನೋಡು," ಎಂದಳು ವಾನ್‌ರು.

ಅವನು ತಿರುಗಿ ನೋಡಿದ. ಅವಳು ಅವನನ್ನೇ ನೋಡುತ್ತ ಮೂರನೆಯ ಚಮಚ ಉಂಡಳು. ಕಿವಿ ಕೆಂಪಗಾಗಿತ್ತು, ಈ ಸಲ ಕೋಪದ ನೆಪವೂ ಇರಲಿಲ್ಲ.

"ಹೇಗಿದೆ?"

"ಉಪ್ಪು ಸ್ವಲ್ಪ ಕಮ್ಮಿ."

"ಬರ್ಕೊಳ್ಲಾ?"

"ಬಾಯ್ಮುಚ್ಕೊಂಡು ಊಟ ಮಾಡು," ಎಂದಳು ಅವಳು, ತನ್ನ ಬಟ್ಟಲಿನ ಬಿಸಿ ಗಂಜಿಯನ್ನು ಒಂದು ಚಮಚ ಎತ್ತಿ ಅವನ ತಣ್ಣಗಾದ ಬಟ್ಟಲಿಗೆ ಹಾಕುತ್ತ.